ನಡುವ ಕುಂತಾಕಿ

೧೭ ನವೆಂಬರ್ ೧೯೮೩, ಗುರುವಾರ

ನೆಲ ಒರಸಾಕತ್ತಿದ್ನಿ. ಒರಸೂ ಅರಿವಿ ಅಲ್ಲೇ ಇಡಿಸಿ ಡಾಕ್ಟರಬಾಯಿ ಖೋಲಿಗೆ ಕರದ್ರು. ಫಿನೈಲ್ ಹೆಚ್ಚಿಗಿ ಸುರದೇನಿ, ಅದಕ್ಕ ಬೈತಾರ ಅಂದ್ಕೊಂಡ್ನಿ. ಅದಲ್ಲ. ಮಿರಜದಿಂದ ಹದಿನೈದ ದಿನಕ್ಕೊಮ್ಮೆ ನಮ್ಮ ಜಮಖಂಡಿ ದವಾಖಾನಿಗೆ ಬರೂ ಮನಸಿನ ಡಾಕ್ಟರು, ಕರಂದೀಕರ್ ಬಾಯಿ, ಅವರಿಗೆ ಮರಾಠಿ ಅಷ್ಟ ಬರ್ತೈತಿ. ಬಂದ ಹೆಣಮಗಳಿಗೆ ಕನ್ನಡ ಅಷ್ಟ. ಎರಡೂ ಬಲ್ಲಾಕಿ ಒಬ್ಬಾಕಿ ಬೇಕಂತ. ಕಂಪೌಂಡರ ಗಿರಮಲ್ಲಪ್ಪ ಬಾಗಲದಾಗ ನಿಂತು, "ನಮ್ಮ ಅನ್ನವ್ವ ಅದಾಳಲ್ರಿ. ನಾಯಿಗೆ ಮರಾಠಿಯೊಳಗ ಬೈತಾಳ, ನಮಗ ಕನ್ನಡದಾಗ" ಅಂದ. ಹಾಳಾದವ.

ನಾ ಮರಾಠಿ ಸಾಲ್ಯಾಗ ನಾಕನೇತ್ತೆ ತನಕ ಕಲತಾಕಿ. ನಾವು ಮೈಸೂರ ರಾಜ್ಯಕ್ಕ ಸೇರಿದ ಮ್ಯಾಲ ಅಪ್ಪ ಕನ್ನಡ ಸಾಲಿಗೆ ಹಾಕಿದ. ಅಲ್ಲೆ ಒಂದನೇತ್ತೆ ಹುಡುಗೂರ ಜೋಡಿ ಕುಂದ್ರಿಸಿದ್ರು. ಹತ್ತ ವರ್ಷದಾಕಿ, ಎಲ್ಲಾರಕಿಂತ ಎತ್ತರ. ಮೂರ ತಿಂಗಳಿಗೆ ಬಿಟ್ನಿ. ಕನ್ನಡ ಅಕ್ಷರ ಭಾಳ ವರ್ಷದ ಮ್ಯಾಲ ಮನ್ಯಾಗ ಒಬ್ಬಾಕೀನ ಕೂಡಿಸಿದ್ದು. ಇಂಥಾಕಿ ಡಾಕ್ಟರಿಗೂ ಪೇಶಂಟಿಗೂ ನಡುವ ಸ್ಟೂಲಿನ ಮ್ಯಾಲ ಕುಂತ್ನಿ.

ಬಂದಾಕಿ ಹೆಸರು ಸತ್ಯವ್ವ. ಬೀಳಗಿ ಕಡೆ ಹೊಳಿದಂಡಿ ಊರು, ಕುರಿ ಇದ್ದ ಮನಿತನ. ಶ್ರಾವಣದಾಗ ಹೊಳಿ ದಾಟೂ ಮುಂದ ದೋಣಿ ಮಗಚಿತ್ತಲ್ಲ, ಅದರಾಗ ಇದ್ದಾಕಿ. ಐದ ವರ್ಷದ ಮಗ ಪಾಂಡು ಹೋದ. ಎರಡ ವರ್ಷದ ಮಗಳು ಮಾಯಿ ಉಳದಾಳ. ಅವತ್ತಿಂದ ಈಕಿ ಮಾತಾಡೂದಿಲ್ಲ, ಉಳದ ಕೂಸಿನ್ನ ಎತ್ತಗೊಳ್ಳೂದಿಲ್ಲ. ಗಂಡ ಸಿದರಾಯ ಕರಕೊಂಡ ಬಂದಿದ್ದ. ಇವತ್ತೂ ಒಂದ ಮಾತ ಆಡಲಿಲ್ಲ.

ಡಾಕ್ಟರಬಾಯಿ ನನಗ ಹೇಳಿದ್ದು: ಇಲ್ಲಿ ಕೇಳಿದ್ದು ಹೊರಗ ಹೋಗಬಾರದು. ಮನಸಿನ್ಯಾಗ ಇಟಗೊಂಡ್ರ ಭಾರ ಆಗ್ತೈತಿ, ಬೇಕಾದ್ರ ಬರದ ಇಡು. ಮನ್ಯಾಗ ಇವರು ವಕೀಲರ ಕಡಿಂದ ಒಂದ ಡೈರಿ ತಂದು ಕೊಟ್ರು. ಗಂಡ ಕೋರ್ಟಿನ ಪಟ್ಟೇವಾಲಾ ಆದ್ರ ಇಷ್ಟ ಲಾಭ. ಯಾರರ ಓದಿದ್ರ? ಅಕ್ಕಿ ಡಬ್ಬಿ ಕೆಳಗ ಇಡ್ತೇನಿ.

೧ ಡಿಸೆಂಬರ್, ಗುರುವಾರ

ಮಾತಾಡಿದ್ಳು.

ಅದಕ್ಕ ಮೊದಲ ಡಾಕ್ಟರಬಾಯಿ ನನಗ ಮತ್ತ ಹೇಳಿದ್ರು. "ಅನ್ನವ್ವಾ, ಅಕಿ ಅಂದಿದ್ದು ಹೆಂಗ ಐತಿ ಹಂಗ ತಾ. ಕೆಟ್ಟ ಮಾತಿರಲಿ, ಬೈಗಳ ಇರಲಿ. ಜರಡಿ ಹಿಡೀಬ್ಯಾಡ." ಹೂಂ ಅಂದಿದ್ನಿ. ನಾ ಎಲ್ಲಾದಕ್ಕೂ ಹೂಂ ಅಂತೇನಿ.

ಸತ್ಯವ್ವ ಗ್ವಾಡಿ ನೋಡ್ಕೋತ ಹೇಳಿದ್ಳು. ನೀರಾಗ ಬಿದ್ದ ಕೂಡ್ಲೇ ಎರಡೂ ಮಕ್ಕಳು ಕೈಗೆ ಸಿಕ್ವಂತ. ಒಂದ ಕೈಯಾಗ ಪಾಂಡು, ಒಂದ ಬಗಲಾಗ ಮಾಯಿ. ಯಾರೋ ಹಗ್ಗ ಒಗದ್ರಂತ. ಹಗ್ಗ ಹಿಡ್ಯಾಕ ಕೈ ಬೇಕಲ್ಲ. "ನಾನ ಬಿಟ್ನಿ ಅಕ್ಕಾ. ಅವನ್ನ ಬಿಟ್ನಿ. ತಿಳಿದ ಬಿಟ್ನಿ."

ಪರದೆ ಆಚೆ ಸಿದರಾಯ ಕುಂತಾನ. ಅವ ಕುರಿ ಹೊಡಕೊಂಡು ಸಾಂಗಲಿ ಸೀಮಿ ತನಕ ತಿರಗಿದಾಂವ, ಮರಾಠಿ ತಿಳದ ತಿಳೀತೈತಿ. ಅಕಿ ಹೇಳಿದ್ದಂತೂ ಉಸರಿನ್ಯಾಗ ಹೇಳಿದ್ಳು, ಅವಂಗ ಕೇಳಿರಾಕಿಲ್ಲ. ಡಾಕ್ಟರಬಾಯಿ ಮೇಜಿನ ಆಚೆ ಕುಂತಾರ, ನಾ ಗಟ್ಟಿಯಾಗಿ ಹೇಳಬೇಕು. ತಾಯಿ ಅನ್ನಾಕಿ ತಾನ ಬಿಟ್ಟೆ ಅಂತಾಳಂದ್ರ ಆ ಮನ್ಯಾಗ ಅಕಿ ಬಾಳೇವು ಉಳೀತೈತೇನು?

"ಕೈ ಜಾರಿತಂತ್ರಿ" ಅಂದ್ನಿ.

ಡಾಕ್ಟರಬಾಯಿ ಬರಕೊಂಡ್ರು.

೨ ಡಿಸೆಂಬರ್

ಸುಳ್ಳಲ್ಲ. ಸಮಾಧಾನ. ನನ್ನ ಹುಡುಗ ಹೋದಾಗ ನನಗೂ ಎಲ್ಲಾರೂ ಹಂಗ ಹೇಳಿದ್ರು, ನಿನ್ನ ಕೈಯಾಗ ಏನಿತ್ತು ಅನ್ನವ್ವಾ, ಅವನ ಆಯುಷ್ಯ ಅಷ್ಟ ಇತ್ತು ಅಂತ. ಕೇಳಿ ಎಂಟ ವರ್ಷ ನಾ ಬದುಕಿಲ್ಲೇನು?

ಇವತ್ತ ಚಿಲಕ ನಾಕ ಸರ್ತಿ ನೋಡಿದ್ನಿ. ಸ್ಟೋ ಆರಸೇನೋ ಇಲ್ಲೋ ಅಂತ ದವಾಖಾನಿಯಿಂದ ಒಮ್ಮೆ ಮನಿಗೆ ಓಡಿ ಬಂದ್ನಿ. ಆರಿತ್ತು.

೧೫ ಡಿಸೆಂಬರ್, ಗುರುವಾರ

ಡಾಕ್ಟರಬಾಯಿ ಭಾಳ ಅಂತಃಕರಣದಿಂದ ಸತ್ಯವ್ವಗ ಹೇಳಿದ್ರು: ಹೊಳಿ ನೀರಿನ ಜೋರಿಗೆ ಯಾರ ಕೈ ಆದ್ರೂ ಜಾರತಿತ್ತು, ಜಾರಿದ್ದು ನಿನ್ನ ತಪ್ಪಲ್ಲ. ಅದನ್ನ ನಾ ಕನ್ನಡದಾಗ ಹೇಳಬೇಕಲ್ಲ. ಹೇಳಿದ್ನಿ. "ಜಾರಿದ್ದು ನಿನ್ನ ತಪ್ಪಲ್ಲವ್ವ."

ಅಕಿ ಡಾಕ್ಟರ ಕಡೆ ನೋಡಲಿಲ್ಲ. ನನ್ನ ನೋಡಿದ್ಳು. ಸಿಟ್ಟಿಲ್ಲ, ಏನಿಲ್ಲ. ಪ್ಯಾಟ್ಯಾಗ ಹಾದಿ ತಪ್ಪಿದ ಕೂಸ ಮಂದಿ ಮಾರಿ ನೋಡತೈತಲ್ಲ, ಹಂಗ ನೋಡಿದ್ಳು. ಆಮ್ಯಾಲ ಬಾಯಿ ಮುಚ್ಚಿದಾಕಿ ಮುಚ್ಚಿದ್ಳು.

ಹೋಗೂ ಮುಂದ ನಳದ ಹತ್ರ ಹಿಡಿದು ಕೇಳಿದ್ಳು. "ಅಕ್ಕಾ, ನಾ ಹೇಳಿದ್ದು ಅವರಿಗೆ ಮುಟ್ಟೇತೇನು?"

"ಮುಟ್ಟೇತಿ" ಅಂದ್ನಿ.

ಇವತ್ತ ರೊಟ್ಟಿ ಸೀದ್ವು. ಇವರು ಕರಕ ಕೆರದು ತಿಂದ್ರು.

೨೯ ಡಿಸೆಂಬರ್

ಸತ್ಯವ್ವ ಬಂದ್ಳು, ಕುಂತ್ಳು, ಎದ್ದ ಹ್ವಾದ್ಳು. ಒಂದ ಅಕ್ಷರ ಇಲ್ಲ. ಡಾಕ್ಟರಬಾಯಿ ತಲಿ ಹಿಡಕೊಂಡ್ರು. "ನಂದ ಏನೋ ತಪ್ಪೇತಿ ಅನ್ನವ್ವಾ. ಬಾಗಲ ತಗದಿದ್ಳು, ಮುಚ್ಚಿದ್ಳು. ನಾ ಏನ ಅನಬಾರದ್ದು ಅಂದ್ನಿ?"

ಚಹಾ ತರ್ತೇನ್ರಿ ಅಂತ ಎದ್ದ ಬಂದ್ನಿ.

೧೨ ಜನೆವರಿ ೧೯೮೪, ಗುರುವಾರ

ಸತ್ಯವ್ವ ಬರಲಿಲ್ಲ. ಡಾಕ್ಟರಬಾಯಿ ದಾರಿ ನೋಡಿ ನೋಡಿ ಮೂರರ ಬಸ್ಸಿಗೆ ಹ್ವಾದ್ರು. ಅವರು ಹೋದ ಮ್ಯಾಲ ಅಕಿ ಅತ್ತಿ ಲಗಮವ್ವ ಬಂದ್ಳು, ಕೂಸ ಮಾಯಿನ್ನ ಬಗಲಾಗ ಹೊತಗೊಂಡು. ಎತ್ತರದ ಹೆಣಮಗಳು. ಹಣಿ ತುಂಬ ಹಳದಿ ಭಂಡಾರ. ಮಾತು ಚಾಕು.

"ನೀನ ಏನು ನಮ್ಮ ಸೊಸಿ ಬಾಯಿ ಆಗಿ ಮಾತಾಡಾಕಿ?"

"ಹೌದ್ರಿ" ಅಂದ್ನಿ.

"ಮನ್ಯಾಗ ಮೂಕಿ, ಇಲ್ಲಿ ಮಾತಾಡತಾಳಂತ. ಮಂದಿಗೆ ಹೇಳೂದು ನಮಗ ಹೇಳಾಕ ಏನ ಧಾಡಿ? ದಿನಾ ಹೊಳಿಗೆ ಹೋಗಿ ನಿಲ್ತಾಳ. ಈಗಾಗ್ಲೇ ಹತ್ತಿಪ್ಪತ್ತ ಸರ್ತಿ ಕರಕೊಂಡ ಬಂದೇನಿ. ಊರಾಗ ಒಬ್ಬೊಬ್ಬರು ಒಂದೊಂದ ಅಂತಾರ. ಖರೆ ಏನಾತಂತ ನನಗೊಬ್ಬಾಕಿಗೆ ಹೇಳು, ಬೀರಪ್ಪದೇವರ ಭಂಡಾರ ಮುಟ್ಟಿ ಹೇಳು ಅಂದ್ರ ಮುಟ್ಟವಲ್ಲಳು. ಮುಟ್ಟವಲ್ಲಳು ಅಂದ್ರ ಏನರ್ಥಬೇ?"

ಅರ್ಥ ನನಗ ಗೊತ್ತಿತ್ತು. ಅವರ ಮಂದ್ಯಾಗ ಭಂಡಾರ ಮುಟ್ಟಿ ಸುಳ್ಳ ಹೇಳಿದ್ರ ಮನಿ ಮುರೀತೈತಿ ಅಂತಾರ. ಹಳದಿ ಪುಡಿನ, ಆದ್ರ ಅದರ ಮುಂದ ಕೋರ್ಟ ಕಚೇರಿ ಏನೂ ಇಲ್ಲ. ಸತ್ಯವ್ವ ಸುಳ್ಳ ಹೇಳವಲ್ಲಳು, ಖರೆ ಹೇಳಾಕ ಆಗವಲ್ತು.

"ಬರೂ ಅಮಾಸಿಗೆ ಗುಡಿಗೆ ನಾಕ ಹಿರೇರ್ನ ಕರದೇನಿ. ಅಕಿ ಹೇಳಲಿಲ್ಲಂದ್ರ ನೀ ಬರಬೇಕು. ಭಂಡಾರ ಮುಟ್ಟಿ ಅಕಿ ನಿನ್ನ ಮುಂದ ಏನಂದ್ಳು ಹೇಳಬೇಕು. ಹೊಳಿ ಕಸಗೊಂಡಿತು ಅಂದ್ರ ಅಕಿ ನನ್ನ ಸೊಸಿ, ನನ್ನ ಮನಿ ದೀಪ. ಬ್ಯಾರೆ ಏನರ ಇದ್ರ ಅಕಿ ತವರಿಗೆ, ಕೂಸ ನನ್ನ ಮನ್ಯಾಗ."

ಕೂಸ ನನ್ನ ಸೆರಗಿನ ಚುಂಗ ಹಿಡದಿತ್ತು. ಬಿಡಸಾಕ ಲಗಮವ್ವನ ಕೈ ಹಾಕಬೇಕಾತು.

೧೩ ಜನೆವರಿ

ಹೋಗಿ ಜಾರಿತು ಅಂದ್ರ ಸತ್ಯವ್ವನ ಬಾಳೇವು ಉಳೀತೈತಿ. ನನ್ನ ಮನಿ ಮುರದ್ರ ಮುರೀಲಿ, ಮುರ್ಯಾಕ ಏನ ಉಳದೈತಿ. ಆದ್ರ ಅಕಿ ಅಲ್ಲೇ ನಿಂತಿರತಾಳ. ಅಕಿ ಮುಂದ ಮೂರನೇ ಸರ್ತಿ ಜಾರಿತು ಅನ್ನಬೇಕು.

ಹೋಗದಿದ್ರ? ಜ್ವರ ಬಂದೈತಿ ಅಂದ್ರ?

ಡಾಕ್ಟರಬಾಯಿನ್ನ ಕೇಳೂಣಂದ್ರ ಬರೂ ಪಾಳಿ ಇಪ್ಪತ್ತಾರಕ್ಕ, ಅವತ್ತ ಝಂಡಾ, ಸೂಟಿ. ಅದರ ಮುಂದಿಂದು ಫೆಬ್ರವರಿ ಒಂಬತ್ತಕ್ಕ. ಅಮಾಸಿ ಒಂದನೇ ತಾರೀಖಿಗೆ.

೧೫ ಜನೆವರಿ

ಓಣ್ಯಾಗಿನ ಹುಡುಗೂರು ಎಳ್ಳ ಬೆಲ್ಲ ಕೊಡಾಕ ಬಂದ್ವು. ಒಂದು ನಾಕ ವರ್ಷದ್ದು. ಅದು ಕೆಮ್ಮಿತು. ಕೆಮ್ಮ ಅಷ್ಟ. ನಾ ಅದರವ್ವನ ಹತ್ರ ಓಡಿ ಹೋಗಿ ಗಂಟಲ ತೋರಸು ಗಂಟಲ ತೋರಸು ಅಂದ್ನಿ. ಅಕಿ ನಕ್ಳು.

ಬರದ ಬಿಡ್ತೇನಿ. ಯಾರ ಓದತಾರ.

ಎಪ್ಪತ್ತೈದರ ಆಷಾಢ. ನೀಲಕಂಠಗ ನಾಕ ವರ್ಷ. ಮುಂಜಾನೆ ಗಂಟಲ ನೂಸತೈತಿ ಅಂದ. ಮಧ್ಯಾಹ್ನ ಉಸರಿಗೆ ಸಿಳ್ಳಿನಂಥಾ ಸಪ್ಪಳ ಹತ್ತಿತು. ಸರಕಾರಿ ದವಾಖಾನಿ ಹತ್ತ ಮಿನಿಟಿನ ಹಾದಿ. ಹಿಂದಿನ ಸರ್ತಿ ಹೋದಾಗ ಚೀಟಿ ಕೊಡಾಂವ ಎಲ್ಲಾರ ಮುಂದ ಬೈದಿದ್ದ. ಹೆಸರ ಬರಿ ಅಂತ ಕಾಗದ ಕೊಟ್ಟಿದ್ದ, ನಾ ಮರಾಠಿಯೊಳಗ ಬರದಿದ್ನಿ. "ಇಷ್ಟ ವರ್ಷಾತು, ಇನ್ನೂ ಕನ್ನಡ ಬರೂದಿಲ್ಲೇನು, ಗಂಡಸರ್ನ ಕಳಸು" ಅಂದಿದ್ದ. ಅದಕ್ಕ ಇವರು ಕೋರ್ಟಿನಿಂದ ಬರಲಿ ಅಂತ ಕಾದ್ನಿ. ಎರಡಕ್ಕ ಸಪ್ಪಳ ಹತ್ತಿತು. ಇವರು ಬಂದದ್ದು ಆರಕ್ಕ. ನಾಕ ತಾಸು ಹುಡುಗನ್ನ ತೊಡಿ ಮ್ಯಾಲ ಹಾಕ್ಕೊಂಡು ಬಾಗಲ ನೋಡ್ಕೋತ ಕುಂತಿದ್ನಿ. ದವಾಖಾನಿ ಮುಟ್ಟೂದ್ರಾಗ ಉಸರ ನಿಂತಿತ್ತು. ಡಾಕ್ಟರ ನನಗೊಬ್ಬಾಕಿಗೆ ಅಂದ, ಮಧ್ಯಾಹ್ನ ತಂದಿದ್ರ ನೋಡಬಹುದಿತ್ತು. ಅದನ್ನ ಇವರಿಗೆ ಹೇಳಿಲ್ಲ. ಸಪ್ಪಳ ಐದರ ಮ್ಯಾಲ ಹತ್ತಿತು ಅಂತ ಹೇಳೇನಿ.

ಅವನ ಆಯುಷ್ಯ ಅಷ್ಟ ಇತ್ತು ಅಂತ ಎಲ್ಲಾರೂ ಹೇಳಿದ್ರು. ಅವರಿಗೆ ಏನ ಗೊತ್ತು.

೧೬ ಜನೆವರಿ

ಡಾಕ್ಟರಬಾಯಿಗೆ ಪತ್ರಾ ಬರದ್ನಿ, ಮರಾಠಿಯೊಳಗ. ಹೆಸರೊಂದ ಬಿಟ್ರ ಇಪ್ಪತ್ತೆಂಟ ವರ್ಷಕ್ಕ ಬರದದ್ದು. ಅಕ್ಷರ ಸಾಲಿ ಹುಡುಗೀದ ಅದಾವು ಇನ್ನೂ. ಜಾರಿತು ಅನ್ನೂದು ನಂದು, ಬಿಟ್ಟೆ ಅನ್ನೂದು ಸತ್ಯವ್ವಂದು ಅಂತ ಬರದೇನಿ. ಅಮಾಸಿದೂ ಬರದೇನಿ. ಕೆಲಸ ಹೋಗ್ತೈತಿ. ಹೋದ್ರ ಮಹಾಲಿಂಗಪುರದಾಗ ನಮ್ಮ ತಂಗಿ ಅದಾಳ, ಅಕಿ ಗಂಡನ ಬೆಲ್ಲದ ಅಂಗಡ್ಯಾಗ ಏನರ ಸಿಗತೈತಿ. ಅಂಚೆ ಡಬ್ಬಿಗೆ ಹಾಕಿ ಕೈ ಒಳಗ ತುರಕಿ ನೋಡಿದ್ನಿ, ಬಿತ್ತೋ ಇಲ್ಲೋ ಅಂತ. ಗಿರಮಲ್ಲಪ್ಪ ನೋಡಿ, "ಯಾಕ ಅನ್ನವ್ವಾ, ಡಬ್ಬಿಗೆ ನಾಡಿ ನೋಡ್ತೀ?" ಅಂದ.

೩೦ ಜನೆವರಿ

ಉತ್ತರ ಬಂತು. ಹದಿನಾಕ ದಿನ ನಾ ಊಟ ಮಾಡಿದ್ದು ದೇವರಿಗೇ ಗೊತ್ತು.

ಬೈದಿಲ್ಲ. ಬೈದಿದ್ರ ಛಲೋ ಇತ್ತು.

"ಗುಡ್ಯಾಗ ನೀ ಏನೂ ಹೇಳಬ್ಯಾಡ. ಖೋಲ್ಯಾಗ ಆಡಿದ ಮಾತು ಸತ್ಯವ್ವಂದು. ಅಕಿ ಪರವಾಗಿನೂ ಹೇಳಬ್ಯಾಡ. ಆದ್ರ ಅದಕ್ಕ ಮೊದಲ ಅಕಿಗೆ ಒಂದ ಹೇಳಬೇಕು, ಅಕಿ ಮಾತು ನನಗ ಈಗ ಮುಟ್ಟಿತು, ಇಷ್ಟ ದಿನ ಮುಟ್ಟಿರಲಿಲ್ಲ ಅಂತ. ಮತ್ತ ಒಂದು. ಇಂಥಾ ಮಾತು ಹೊರಾಕ ನಿನಗ ಆಗ್ತೈತೇನು ಅಂತ ಮೊದಲನೇ ದಿನ ನಾ ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು."

ಎರಡ ಸರ್ತಿ ಓದಿದ್ನಿ. ಹಂಗ ಯಾರೂ ನನಗ ಕೇಳಿದ್ದಿಲ್ಲ.

೧ ಫೆಬ್ರವರಿ, ಬುಧವಾರ, ಅಮಾಸಿ

ಮುಂಜಾನೆ ಬೀಳಗಿ ಬಸ್ ಹಿಡದು, ಅಲ್ಲಿಂದ ಚಕ್ಕಡ್ಯಾಗ ಹೋದ್ನಿ. ಹೊಳಿ ಎಷ್ಟ ಸಮಾಧಾನ ಇತ್ತು. ಎಮ್ಮಿ ಮೈ ತೊಳ್ಯಾಕತ್ತಿದ್ರು.

ಸತ್ಯವ್ವ ಹಿತ್ತಲದಾಗ ಭಾಂಡೆ ತಿಕ್ಕಾಕತ್ತಿದ್ಳು. ಬಾಜೂಕ ಕುಂತು ಹೇಳಿದ್ನಿ. ಕೈ ಮುಗಿಯೂಣಂದ್ರ ಬೂದಿ ಆಗಿದ್ವು, ನಾನೂ ಒಂದ ಭಾಂಡೆ ಹಿಡದಿದ್ನಿ. "ನೀ ಬಿಟ್ಟೆ ಅಂದಿದ್ದಿ. ನಾ ಜಾರಿತು ಅಂತ ಹೇಳಿದ್ನಿ. ಡಾಕ್ಟರಿಗೆ ಗೊತ್ತಿರಲಿಲ್ಲ. ಈಗ ಹೇಳೇನಿ."

ಅಕಿ ಕೈಯಾಗಿನ ಭಾಂಡೆ ತೊಳದು ಬೋರಲ ಹಾಕಿದ್ಳು.

"ಹಂಗಾರ ನಾ ಹುಚ್ಚಿ ಅಲ್ಲ" ಅಂದ್ಳು. "ನೀವಿಬ್ರೂ ಜಾರಿತು ಜಾರಿತು ಅಂದಾಗ, ನಾ ಏನ ಹೇಳೇನಿ ಅನ್ನೂದು ನನಗ ತಿಳೀದಂಗ ಆತು ಅಕ್ಕಾ. ಬಿಟ್ಟದ್ದು ಖರೇನೋ ಕನಸೋ ಅಂತ. ಅದನ್ನ ನೋಡಾಕ ಹೊಳಿಗೆ ಹೋಗತಿದ್ನಿ. ಅಲ್ಲಿ ನಿಂತ್ರ ನೆನಪ ಬರ್ತೈತಿ."

ನಾ ಅಕಿಗೆ ಮಾಡಿದ್ದು ಅದು. ಅದನ್ನ ಇಲ್ಲಿ ಬರದ ಇಡ್ತೇನಿ.

ಗುಡ್ಯಾಗ ನಾಕ ಮಂದಿ ಹಿರೇರು, ಪೂಜಾರಿ ಯಮನಪ್ಪ, ಲಗಮವ್ವ, ಸಿದರಾಯ. ಕೂಸ ಕಂಬದ ಬುಡಕ ಆಡತಿತ್ತು. ಕಂಬಳಿ ಮ್ಯಾಲ ಭಂಡಾರದ ಚೀಲ ಬಿಚ್ಚಿ ಇಟ್ಟಿದ್ರು.

"ಮುಟ್ಟು" ಅಂದ್ಳು ಲಗಮವ್ವ, ನನಗ.

"ಮುಟ್ಟೂದಿಲ್ರಿ" ಅಂದ್ನಿ. ನನ್ನ ದನಿ ನನಗ ಕೇಳಲಿಲ್ಲ. ಮತ್ತ ಅಂದ್ನಿ. "ಅಕಿ ಮಾತು ಅಕಿದು. ನಾ ಒಮ್ಮೆ ಅಕಿ ಮಾತು ಕೆಡಸೇನಿ, ಇನ್ನೊಮ್ಮೆ ಕೆಡಸೂದಿಲ್ಲ."

"ಬಾಯಿ ಅಂತ ಬಂದಾಕಿ ಬೀಗ ಹಾಕ್ಕೊಂಡ ಬಂದಾಳ ನೋಡ್ರಿ!" ಲಗಮವ್ವ ಅಂದ್ಳು. ಒಬ್ಬ ಹಿರ್ಯಾ ನಕ್ಕ. "ಜಮಖಂಡಿಯಿಂದ ಇಲ್ಲಿಗೆ ಬಸ್ ಚಾರ್ಜ್ ಕೊಟ್ಟು ಇಲ್ಲ ಅನ್ನಾಕ ಬಂದೀಯೇನ?"

ಅಷ್ಟರಾಗ ಸತ್ಯವ್ವ ಮುಂದ ಬಂದ್ಳು. ಭಾಂಡೆ ತಿಕ್ಕಿದ ಹಸಿ ಕೈ. ಭಂಡಾರದಾಗ ಮಣಿಕಟ್ಟಿನ ತನಕ ಇಟ್ಳು.

"ಎರಡೂ ಸಿಕ್ಕಿದ್ವು ಅತ್ತಿ. ಹಗ್ಗ ಹಿಡ್ಯಾಕ ಒಂದ ಕೈ ಬೇಕಾಗಿತ್ತು. ಪಾಂಡುನ್ನ ಬಿಟ್ನಿ. ಅವ ದೊಡ್ಡಾಂವ, ಒಂದ ಗಳಿಗಿ ತೇಲತಾನ, ಇದನ್ನ ಮ್ಯಾಲ ಹಾಕಿ ಹಿಡೀತೇನಿ ಅಂದ್ಕೊಂಡ್ನಿ. ತಿರಗಿ ನೋಡಿದ್ರ ಇರಲಿಲ್ಲ."

ಸಿದರಾಯ ಎದ್ದು ಹೊರಗ ಹೋದ. ಯಮನಪ್ಪ ಏನೋ ಅನ್ನಾಕ ಬಾಯಿ ತಗದ. ಲಗಮವ್ವ ಕೈ ಎತ್ತಿ ಸುಮ್ಮ ಮಾಡಿದ್ಳು.

"ಅಂಜಿದ್ನೇನು?" ಅಂದ್ಳು.

ಸತ್ಯವ್ವಗ ತಿಳೀಲಿಲ್ಲ.

"ನನ್ನ ಮೊಮ್ಮಗ ಅಂಜಿದ್ನೇನು? ಅದೊಂದು ಹೇಳು. ಐದ ತಿಂಗಳಾತು, ಒಬ್ಬರೂ ಹೇಳವಲ್ಲರು. ಹೊಳಿವ್ವನ ಉಡ್ಯಾಗ ಮಲಗ್ಯಾನ ಅಂತಾರ, ದೇವರ ಹತ್ರ ಆಡಾಕತ್ತಾನ ಅಂತಾರ. ನೀ ಒಬ್ಬಾಕಿ ನೋಡೀದಿ."

ನಾನಾಗಿದ್ರ ಇಲ್ಲ ಅಂತಿದ್ನಿ. ನನ್ನ ತುಟಿ ತನಕ ಬಂದಿತ್ತು.

"ಅಂಜಿದ್ದ" ಅಂದ್ಳು ಸತ್ಯವ್ವ. "ಭಾಳ ಅಂಜಿದ್ದ. ನನ್ನ ಕೈಬಳಿ ಹಿಡದಿದ್ದ, ಬಳಿ ಒಡದ್ವು."

ಲಗಮವ್ವ ಅಲ್ಲೇ ಕಂಬಳಿ ಮ್ಯಾಲ ಕುಂತ್ಳು. ಅಂಥಾ ಎತ್ತರದ ಹೆಣಮಗಳು, ಚೀಲ ಖಾಲಿ ಆದಂಗ ಕುಂತ್ಳು. ಅಕಿ ಅಳೂ ಸಪ್ಪಳ ಗುಡಿ ತುಂಬ ಆತು. ಸತ್ಯವ್ವ ಹತ್ರ ಹೋಗಲಿಲ್ಲ, ದೂರನೂ ಸರೀಲಿಲ್ಲ.

ಎಷ್ಟೋ ಹೊತ್ತಿನ ಮ್ಯಾಲ ಲಗಮವ್ವ ಅಂದ್ಳು: "ಖರೆ ಹೇಳೀದಿ. ಆದ್ರ ನಿನ್ನ ಮಾರಿ ನೋಡಕೋತ ಒಂದ ಸೂರಿನ ಕೆಳಗ ಇರಾಕ ನನಗ ಆಗೂದಿಲ್ಲವ್ವ. ತವರಿಗೆ ಹೋಗು. ಕೂಸಿನ್ನ ಕರಕೊಂಡ ಹೋಗು. ಅದಕ್ಕ ಅವ್ವ ಬೇಕು."

"ನಿಮ್ಮ ಮಗ?" ಅಂದ ಯಮನಪ್ಪ.

"ಅವ ಗಂಡಸದಾನ. ಅವನ ಹಾದಿ ಅವ ನೋಡಕೋತಾನ."

ಮನ್ಯಾಗಿನ ಮೂರ ಸೀರಿ, ಕೂಸಿನ ಎರಡ ಅಂಗಿ. ಗಂಟ ನಾನ ಕಟ್ಟಿದ್ನಿ. ತೇರದಾಳದ ಹತ್ರ ಅಕಿ ತವರು. ಜಮಖಂಡಿ ತನಕ ಒಂದ ಬಸ್ಸಿನ್ಯಾಗ ಬಂದ್ವಿ. ಕೂಸ ಎಲ್ಲಾ ಸ್ಟಾಪಿನ್ಯಾಗೂ "ಇಳೀಬೇಕ?" ಅಂತ ಕೇಳತಿತ್ತು.

೨ ಫೆಬ್ರವರಿ

ಮನಿ ಮುರಿಸಿ ಬಂದ್ನೇನೋ. ನಾ ಮುಟ್ಟಿ ಜಾರಿತು ಅಂದಿದ್ರ ಇವತ್ತ ಅಕಿ ಗಂಡನ ಮನ್ಯಾಗ ಇರತಿದ್ಳು. ಇವರ ಮುಂದ ಅಂದ್ನಿ. ಇವರು, "ಇರತಿದ್ಳೋ, ಹೊಳ್ಯಾಗ ಇರತಿದ್ಳೋ" ಅಂದ್ರು.

ಆಮ್ಯಾಲ ಇವರಿಗೆ ಆ ದಿನದ್ದು ಹೇಳಿದ್ನಿ. ಸಪ್ಪಳ ಎರಡಕ್ಕ ಹತ್ತಿತ್ತು ಅಂತ. ಇವರು ಶರ್ಟಿನ ಗುಂಡಿ ಹಾಕ್ಕೋತ ಇದ್ರು, ಹಾಕೂದು ನಿಂತಿತು. "ಅವತ್ತ ನಾಕಕ್ಕ ಕೆಲಸ ಮುಗದಿತ್ತು" ಅಂದ್ರು. "ನಾ ಚಹಾದಂಗಡ್ಯಾಗ ಕುಂತಿದ್ನಿ." ಅಷ್ಟ ಅಂದು ಕೋರ್ಟಿಗೆ ಹ್ವಾದ್ರು. ಸಂಜಿಮುಂದ ಲಗೂ ಬಂದ್ರು.

೯ ಫೆಬ್ರವರಿ, ಗುರುವಾರ

ಸತ್ಯವ್ವ ಬರಲಿಲ್ಲ. ತವರಿಂದ ಸುದ್ದಿ ಬಂದೈತಿ, ಕೂಸಿಗೆ ಜ್ವರ, ಮುಂದಿನ ಪಾಳಿಗೆ ಬರ್ತೇನಿ ಅಂತ.

ಗುಡ್ಯಾಗಿಂದೆಲ್ಲಾ ಡಾಕ್ಟರಬಾಯಿ ಕೇಳಿದ್ರು. ಕೇಳಿ, "ಹೊತ್ತೈತಿ, ನಿನಗ ಏನರ ಹೇಳೂದೈತೇನು ಅನ್ನವ್ವಾ? ಇಲ್ಲಂದ್ರ ಬ್ಯಾಡ" ಅಂದ್ರು. ಮರಾಠಿಯೊಳಗ ಚಾಲೂ ಮಾಡಿದ್ನಿ. ಮಾಝಾ ಮುಲಗಾ ಅಂದ್ನಿ, ನನ್ನ ಮಗ ಅಂತ. ಮುಂದ ಬರಲಿಲ್ಲ. ನೀಲಕಂಠಗ ಮರಾಠಿ ಬರತಿರಲಿಲ್ಲ. ಅವನ ಜೋಡಿ ಒಂದ ಮಾತೂ ಆ ಭಾಷಾದಾಗ ಆಡಿಲ್ಲ ನಾ.

"ಕನ್ನಡದಾಗ ಹೇಳು" ಅಂದ್ರು.

"ನಿಮಗ ತಿಳೀತೈತೇನ್ರಿ?"

"ಇಲ್ಲ. ಹೇಳು."

ಅರ್ಧಾ ತಾಸು ಹೇಳಿದ್ನಿ. ಅವರು ಬರಕೊಳ್ಳಲಿಲ್ಲ. ನಾ ಅತ್ತದ್ದು ಗಿರಮಲ್ಲಪ್ಪಗ ಕೇಳಿರಬೇಕು, ಹೊರಗ ಬಂದಾಗ ಏನೂ ಚೇಷ್ಟಿ ಮಾಡಲಿಲ್ಲ. ನಾ ಒರಸೂ ನೆಲಾ ಒರಸಿಟ್ಟಿದ್ದ, ಕೆಟ್ಟದಾಗಿ.

೨೩ ಫೆಬ್ರವರಿ, ಗುರುವಾರ

ಎಷ್ಟ ದಿನ ಬರದಿಲ್ಲ ನೋಡು. ಯಾಕೋ ಏನೋ.

ಸತ್ಯವ್ವ ಬಂದ್ಳು. ಕೂಸನ್ನೂ ತಂದಿದ್ಳು. ಸಿದರಾಯ ಒಮ್ಮೆಯೂ ಬಂದಿಲ್ಲಂತ. ಲಗಮವ್ವ ಒಂದ ಸೇರ ಜ್ವಾಳ ಕಳಸ್ಯಾಳಂತ, ಮಾತಿಲ್ಲ. ತವರಾಗ ಅತ್ತಿಗಿ ಮಾರಿ ಊದಿಸತಾಳಂತ. ಅದೆಲ್ಲಾ ಹೇಳಿ ಆಮ್ಯಾಲ ಹೊಳಿದು ಹೇಳಾಕ ಹತ್ತಿದ್ಳು, ಮೊದಲಿಂದ. ದೋಣಿ ಹತ್ತೂ ಮುಂದ ಪಾಂಡು ಶೇಂಗಾ ಬೇಡಿದ್ದು. ಕೊಡಸದಿದ್ದದ್ದು. ಹಗ್ಗ. ಬಳಿ.

ನಾ ಒಂದೊಂದೂ ಇದ್ದಂಗ ಒಯ್ದು ಇಟ್ನಿ. ಬಿಟ್ನಿ ಅಂದಲ್ಲಿ ಬಿಟ್ನಿ ಅಂದ್ನಿ. ಡಾಕ್ಟರಬಾಯಿ ನಿನ್ನ ತಪ್ಪಲ್ಲ ಅನ್ನಲಿಲ್ಲ. "ಒಂದ ಕೈಗೆ ಎರಡ ಮಕ್ಕಳ ಲೆಕ್ಕಾ ಯಾವ ತಾಯಿಗೂ ಬರಬಾರದು, ನಿನಗ ಬಂತು" ಅಂದ್ರು. ಅದನ್ನ ಕನ್ನಡದಾಗ ಚಾಲೂ ಮಾಡಿ ಯಾವ ತಾಯಿಗೂ ಅನ್ನೂ ತನಕ ಬಂದ್ನಿ. ಅರ್ಧಕ್ಕ ನಿಂತ್ನಿ.

ಸತ್ಯವ್ವ ನನ್ನ ನೋಡಿದ್ಳು. ಕೂಸಿನ್ನ ಈ ತೊಡಿಯಿಂದ ಆ ತೊಡಿಗೆ ಹಾಕ್ಕೊಂಡ್ಳು.

"ಸಾವಕಾಶ ಹೇಳಕ್ಕ" ಅಂದ್ಳು. "ಬಸ್ ಆರಕ್ಕ ಐತಿ."